ಕೆರೆಗೂ ಒಂದು ಹಾಜರಿ ಪುಸ್ತಕ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ವನ್ಯಜೀವಿ ಸಂಶೋಧನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಹೇಳಿದ್ದಾರೆ. ಈಗ ಊಟದ ಹೊತ್ತಿನಲ್ಲಿ ನನ್ನ ಹಳೆಯ ಬೆಂಚಿನ ಗೆಳೆಯ ಕೇಳಿದ, ‘ಹಕ್ಕಿ ಎಣಿಸೋದಕ್ಕೂ ಪಗಾರ ಕೊಡ್ತಾರೇನೋ?’ ಅಂತ. ಕೊಡುತ್ತಾರೆ. ಯಾಕೆ ಕೊಡುತ್ತಾರೆ ಎಂಬುದೇ ಇವತ್ತಿನ ನನ್ನ ಮಾತು.

ಒಂಬತ್ತನೆಯ ತರಗತಿಯಲ್ಲಿ ನಾನು ಮಾನಿಟರ್ ಆಗಿದ್ದೆ. ಬೋರ್ಡಿನ ಮೂಲೆಯಲ್ಲಿ ಒಟ್ಟು ಎಷ್ಟು, ಹಾಜರಿ ಎಷ್ಟು ಎಂದು ಬರೆಯುವುದು ನನ್ನ ಕೆಲಸ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಒಂದು ದಿನ ಅರ್ಧ ತರಗತಿ ಜಾತ್ರೆಗೆ ಹೋಗಿತ್ತು. ಗೆಳೆಯರನ್ನು ಬಿಟ್ಟುಕೊಡಬಾರದು ಎಂದು ಹಾಜರಿ 38 ಎಂದು ಬರೆದೆ. ಗಣಿತದ ಸರ್ ಬಂದರು. ಬೋರ್ಡು ನೋಡಲಿಲ್ಲ, ತಲೆ ಎಣಿಸಿದರು. 21. ನನ್ನನ್ನು ಹೊಡೆಯಲಿಲ್ಲ. ‘ಚಾಕ್‌ಪೀಸಿನಿಂದ ಹುಡುಗರನ್ನ ಹುಟ್ಟಿಸಬೇಡಪ್ಪ’ ಎಂದರು, ಅಷ್ಟೇ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಬೋರ್ಡಿನ ಮೇಲೆ ಮಾಡಿದ್ದು ದೇಶದ ಮಟ್ಟದಲ್ಲೂ ನಡೆದಿದೆ. ರಾಜಸ್ಥಾನದ ಸರಿಸ್ಕಾ ಹುಲಿ ಕಾಡಿನಲ್ಲಿ 2004ರವರೆಗೂ ಹುಲಿಗಳಿವೆ ಎಂದು ಸರಕಾರಿ ಲೆಕ್ಕ ಹೇಳುತ್ತಿತ್ತು. ಆಗ ನೆಲದ ಮೇಲಿನ ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. 2005ರಲ್ಲಿ ಸರಿಯಾಗಿ ಹುಡುಕಿದಾಗ ಒಂದೇ ಒಂದು ಹುಲಿ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿಬಿಟ್ಟಿದ್ದರು. ಕಾಗದದ ಮೇಲೆ ಹುಲಿ ಇದ್ದುದರಿಂದ ಯಾರಿಗೂ ಗಾಬರಿಯಾಗಿರಲಿಲ್ಲ. ಆ ಸುಳ್ಳು ಲೆಕ್ಕವೂ ಹುಲಿಗಳನ್ನು ಕೊಂದಿತು ಎಂದೇ ನಾನು ಹೇಳುತ್ತೇನೆ.

ಹಾಗಾದರೆ ಸರಿಯಾಗಿ ಎಣಿಸುವುದು ಹೇಗೆ? ಹುಲಿ ಬೆಂಚಿನ ಮೇಲೆ ಕುಳಿತುಕೊಳ್ಳುವುದಿಲ್ಲ. ಮಕ್ಕಳೇ, ಇದನ್ನು ನಾಳೆ ಮನೆಯಲ್ಲಿ ಮಾಡಿ ನೋಡಿ. ಒಂದು ಬುಟ್ಟಿಯಲ್ಲಿ ತೊಗರಿ ತೆಗೆದುಕೊಳ್ಳಿ. ಎಷ್ಟು ಕಾಳಿವೆ ಎಂದು ಗೊತ್ತಿಲ್ಲ. ಅದರಿಂದ 100 ಕಾಳು ತೆಗೆದು ಪೆನ್ನಿನಿಂದ ಗುರುತು ಹಾಕಿ ಮತ್ತೆ ಬುಟ್ಟಿಗೆ ಹಾಕಿ, ಚೆನ್ನಾಗಿ ಕಲೆಸಿ. ಆಮೇಲೆ ನೋಡದೆ ಮತ್ತೆ 100 ಕಾಳು ತೆಗೆಯಿರಿ. ಅದರಲ್ಲಿ ಗುರುತಿನ ಕಾಳು 10 ಬಂದರೆ, ಬುಟ್ಟಿಯ ಹತ್ತರಲ್ಲೊಂದು ಭಾಗಕ್ಕೆ ನಿಮ್ಮ ಗುರುತು ಬಿದ್ದಿದೆ ಎಂದಾಯಿತು. ನೀವು ಗುರುತು ಹಾಕಿದ್ದು 100. ಹಾಗಾದರೆ ಬುಟ್ಟಿಯಲ್ಲಿರುವುದು ಸುಮಾರು 1,000 ಕಾಳು. ಎಲ್ಲವನ್ನೂ ಎಣಿಸದೆ ಲೆಕ್ಕ ಸಿಕ್ಕಿತು. ಡೆನ್ಮಾರ್ಕಿನ ಪೀಟರ್ಸನ್ ಮೀನುಗಳ ವಿಷಯದಲ್ಲಿ, ಅಮೆರಿಕದ ಲಿಂಕನ್ ಬಾತುಗಳ ವಿಷಯದಲ್ಲಿ ಬಳಸಿದ ಉಪಾಯ ಇದೇ. ತ್ರೈರಾಶಿ ಬಂದರೆ ಸಾಕು. (ಅಮ್ಮ ಕೇಳಿದರೆ ನನ್ನ ಹೆಸರು ಹೇಳಬೇಡಿ.)

ಹುಲಿಗೆ ಪೆನ್ನಿನ ಗುರುತು ಬೇಕಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿದರೆ ಹುಲಿ ತಾನೇ ನಡೆದು ಬಂದು ಹಾಜರಿ ಹಾಕುತ್ತದೆ. ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲಿ ಬಳಸಿ ತೋರಿಸಿದವರು ಕನ್ನಡದವರೇ, ಡಾ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ. ಸರಿಸ್ಕಾದ ಅವಮಾನದ ನಂತರ ದೇಶ ಹೆಜ್ಜೆ ಗುರುತಿನ ಲೆಕ್ಕ ಬಿಟ್ಟು ಕ್ಯಾಮೆರಾದ ಕಡೆಗೆ ತಿರುಗಿತು. 2006ರ ಅಂದಾಜಿನಲ್ಲಿ ದೇಶದ ಹುಲಿಗಳ ಸಂಖ್ಯೆ 1,411ಕ್ಕೆ ಇಳಿಯಿತು. ಹುಲಿಗಳು ಒಂದೇ ಸಲ ಸತ್ತು ಇಳಿದದ್ದಲ್ಲ, ಚಾಕ್‌ಪೀಸಿನ ಹುಲಿಗಳು ಅಳಿಸಿಹೋದವು. ಆ ಕಹಿ ಸಂಖ್ಯೆ ಬಂದ ಮೇಲೆಯೇ ಕೆಲಸ ಬಿಗಿಯಾಯಿತು. 2022ರ ಅಂದಾಜಿನಲ್ಲಿ ಕರ್ನಾಟಕವೊಂದರಲ್ಲೇ 563 ಹುಲಿಗಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ ‘ಹಾಜರ್ ರೀ ಸರ್’ ಎಂದರೆ ಕೇಳಿಸುವುದಿಲ್ಲ. ಹಾಗೆಂದು ಅವನು ಬಂದಿಲ್ಲ ಎಂದು ಬರೆಯಬಹುದೇ? ಕಾಣದ್ದು ಬೇರೆ, ಇಲ್ಲದ್ದು ಬೇರೆ. ಎಣಿಸುವ ಶಾಸ್ತ್ರದ ಬಹುಪಾಲು ಶ್ರಮ ಇವೆರಡನ್ನೂ ಬೇರೆ ಮಾಡುವುದರಲ್ಲೇ ಹೋಗುತ್ತದೆ.

ಇದನ್ನು ನಾನು ಕಲಿತದ್ದು ಕಡಲ ಕಿನಾರೆಯಲ್ಲಿ, ಅದೂ ಪೆಟ್ಟು ತಿಂದು. ಉತ್ತರ ಕನ್ನಡದ ಅಘನಾಶಿನಿ ಹೊಳೆ ಶಿರಸಿಯ ಕಡೆ ಹುಟ್ಟಿ ಕುಮಟಾದ ಹತ್ತಿರ ಸಮುದ್ರ ಸೇರುತ್ತದೆ. ನಡುವೆ ಒಂದೂ ಅಣೆಕಟ್ಟಿಲ್ಲ. ಸೇರುವ ಜಾಗದಲ್ಲಿ ಸಿಹಿನೀರು ಉಪ್ಪುನೀರು ಬೆರೆತು ಮೈಲಿಗಟ್ಟಲೆ ಕೆಸರು ಬಯಲು, ಕಾಂಡ್ಲ ಗಿಡಗಳ ಕಾಡು. ಅಲ್ಲಿ ಚಳಿಗಾಲದ ಹಕ್ಕಿಗಳನ್ನು ಎಣಿಸಲು ನನ್ನನ್ನು ಕಳಿಸಿದ್ದರು. ನಾವು ಬಯಲುಸೀಮೆಯವರು. ನಮ್ಮಲ್ಲಿ ನೀರು ಇಳಿಯಿತೆಂದರೆ ಬೇಸಿಗೆ ಬಂತು ಎಂದು ಅರ್ಥ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಅವರು ಭರತ ಎನ್ನುತ್ತಾರೆ. ನಾನು ಇಳಿತದ ಹೊತ್ತಿಗೆ ಹೋಗಿ, ಹರಡಿಕೊಂಡು ಮೇಯುತ್ತಿದ್ದ ಗೊರವಗಳನ್ನು ಎಣಿಸುತ್ತಾ ಕುಳಿತೆ. ಗರುಡವೊಂದು ಮೇಲೆ ಸುಳಿಯಿತು. ಇಡೀ ಗುಂಪು ಎದ್ದು ಇನ್ನೊಂದು ಕಡೆ ಇಳಿಯಿತು. ಅದು ಬೇರೆ ಗುಂಪೆಂದು ಅದನ್ನೂ ಎಣಿಸಿದೆ. ಸಂಜೆ ಚಿಪ್ಪಿ ಆರಿಸುತ್ತಿದ್ದ ಅಜ್ಜಿಯೊಬ್ಬರು, ‘ತಮ್ಮಾ, ಭರತ ತುಂಬಿದಾಗ ಬಾ, ಎಲ್ಲವೂ ಗಜನಿ ಕಟ್ಟೆ ಮೇಲೆ ಒಟ್ಟಿಗೆ ಕೂತಿರ್ತವೆ’ ಎಂದರು. ಪುಸ್ತಕದಲ್ಲೂ ಅದೇ ಇತ್ತು, ನಾನು ಓದಿರಲಿಲ್ಲ. ಆ ದಿನದ ಲೆಕ್ಕವನ್ನು ಪೂರ್ತಿ ಹೊಡೆದುಹಾಕಿದೆ.

ಅಲ್ಲಿ ಎಣಿಸಿದ್ದು ಹಕ್ಕಿಗಳನ್ನು ಮಾತ್ರ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆ ಕೆಸರಿನಿಂದ ಜನ ತೆಗೆಯುವ ಚಿಪ್ಪಿಗಳ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು 22,000 ಟನ್, ಆಗಿನ ಬೆಲೆಯಲ್ಲಿ ಐದೂಮುಕ್ಕಾಲು ಕೋಟಿ ರೂಪಾಯಿ. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇರ ದುಡಿಮೆ, ಅದರಲ್ಲಿ ಹೆಂಗಸರು ನೂರಾರು. ಅದೇ ಅಳಿವೆಯ ತದಡಿಯಲ್ಲಿ ಕಲ್ಲಿದ್ದಲು ಸುಡುವ ಭಾರಿ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ದೂರದಿಂದ ನೋಡಿದವರಿಗೆ ಅದು ಬರೀ ಕೆಸರು. ಊರಿನವರು ಒಪ್ಪಲಿಲ್ಲ, ಸ್ಥಾವರ ಬರಲಿಲ್ಲ. ನಿಲ್ಲಿಸಿದ್ದು ಲೆಕ್ಕವೊಂದೇ ಎಂದು ನಾನು ಹೇಳುವುದಿಲ್ಲ, ಜನರ ಗಟ್ಟಿತನವೇ ದೊಡ್ಡದು. ಆದರೆ ‘ಇಲ್ಲಿ ಏನಿದೆ?’ ಎಂದು ಕೇಳಿದವರಿಗೆ ತೋರಿಸಲು ಕೈಯಲ್ಲಿ ಅಂಕಿಗಳಿರಬೇಕಾಗುತ್ತದೆ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಜೌಗು ನೆಲಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ ಒಪ್ಪಂದದ ಪಟ್ಟಿ ಅದು. ಅದಕ್ಕೆ ಸೇರಲು ಹಲವು ಅಳತೆಗಳಿವೆ. ಅದರಲ್ಲಿ ಎರಡು ಪೂರ್ತಿ ಎಣಿಕೆಯವು: ಅಲ್ಲಿ 20,000 ನೀರುಹಕ್ಕಿಗಳು ನಿಯಮಿತವಾಗಿ ಸೇರುತ್ತಿರಬೇಕು, ಇಲ್ಲವೇ ಒಂದು ಜಾತಿಯ ಹಕ್ಕಿಗಳಲ್ಲಿ ನೂರಕ್ಕೆ ಒಂದು ಭಾಗವಾದರೂ ಅಲ್ಲಿ ಇರಬೇಕು.

ಕಡಲು ನಮ್ಮಿಂದ ದೂರ, ನಮಗೇನು ಎನ್ನಬೇಡಿ. ಅಘನಾಶಿನಿಯ ಜೊತೆಗೇ ಪಟ್ಟಿಗೆ ಸೇರಿದ ಇನ್ನೆರಡು ಜಾಗಗಳು ಊರ ಕೆರೆಗಳು. ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಇನ್ನೊಂದು ನಮ್ಮ ಕಲ್ಯಾಣ ಕರ್ನಾಟಕದ್ದೇ, ಹಗರಿಬೊಮ್ಮನಹಳ್ಳಿಯ ಹತ್ತಿರದ ಅಂಕಸಮುದ್ರ. ನೂರು ಹೆಕ್ಟೇರೂ ಇಲ್ಲದ ನೀರಾವರಿ ಕೆರೆ, ನಡುವೆ ಜಾಲಿ ಮರಗಳು. ಅಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಸೇರಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು. ಹೆಕ್ಟೇರು ನೋಡಿದ್ದರೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ ಏನಿದೆ? ಬಸವಕಲ್ಯಾಣದ ತ್ರಿಪುರಾಂತ ಕೆರೆ ಇದೆ, ಚುಳಕಿ ನಾಲಾ ಇದೆ, ಕಾರಂಜಾ ಹಿನ್ನೀರು ಇದೆ. ಚಳಿಗಾಲದಲ್ಲಿ ಬಾತುಗಳು ಬರುವುದನ್ನು ಎಲ್ಲರೂ ನೋಡಿದ್ದೀರಿ. ಈಗ ಮೊದಲಿನಷ್ಟು ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಾನು ನಂಬುತ್ತೇನೆ, ಆದರೆ ಕಚೇರಿಯಲ್ಲಿ ನಂಬುವುದಿಲ್ಲ. ಮೊದಲು ಎಷ್ಟು, ಈಗ ಎಷ್ಟು ಎಂದು ಕೇಳುತ್ತಾರೆ. ಈ ಶಾಲೆ ಶುರುವಾದ ವರ್ಷದಿಂದ ಯಾರಾದರೂ ವರ್ಷಕ್ಕೊಂದು ಸಾಲು ಬರೆದಿದ್ದರೂ ಇವತ್ತು ನಮ್ಮ ಕೈಯಲ್ಲಿ ಐವತ್ತು ಸಾಲು ಇರುತ್ತಿದ್ದವು.

ಚಿಗರಿಯ ಮಾತೂ ಹಾಗೆಯೇ. ಬೀದರ ಜಿಲ್ಲೆಯಲ್ಲಿ ಚಿಗರಿಗಳಿರುವುದು ನಮಗೆ ಹೆಮ್ಮೆ, ಸೋಯಾ ಮೊಳಕೆ ಕಳೆದುಕೊಂಡ ರೈತನಿಗೆ ಅಲ್ಲ. ಅವನು ಬಹಳ ಆಗಿವೆ ಎನ್ನುತ್ತಾನೆ, ನಮ್ಮಂಥವರು ಕಡಿಮೆಯಾಗಿವೆ ಎನ್ನುತ್ತೇವೆ. ಇಬ್ಬರ ಕೈಯಲ್ಲೂ ಲೆಕ್ಕವಿಲ್ಲದಿದ್ದರೆ ಅದು ಬರೀ ಜಗಳ. ಎಲ್ಲಿ, ಯಾವ ತಿಂಗಳು, ಎಷ್ಟು ಎಂದು ಗೊತ್ತಿದ್ದರೆ ಪರಿಹಾರ ಕೇಳಲು ರೈತನಿಗೇ ಅನುಕೂಲ.

ಆದ್ದರಿಂದ ಒಂದು ಕೋರಿಕೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. ಯಾರು ಬೇಕಾದರೂ ಸೇರಬಹುದು, ಇ-ಬರ್ಡ್ ಎಂಬ ಆ್ಯಪ್‌ನಲ್ಲಿ ಫೋನಿನಿಂದಲೇ ಬರೆಯಬಹುದು. ಫೋನು ಬದಲಾಗುತ್ತದೆ, ಅದಕ್ಕೇ ಪುಸ್ತಕವೂ ಇರಲಿ. ಒಂಬತ್ತನೆಯ ತರಗತಿಯವರು ವಿಜ್ಞಾನದ ಸರ್ ಜೊತೆ ವರ್ಷಕ್ಕೆ ಒಂದು ಬೆಳಗ್ಗೆ, ಅದೇ ಕೆರೆ, ಅದೇ ಏರಿ, ಅದೇ ಹೊತ್ತಿಗೆ ಹೋಗಲಿ. ದೊಡ್ಡ ಗುಂಪಿದ್ದರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿ, ಅಂಥ ಜಾಗ ಎಷ್ಟಿವೆ ಎಂದು ಲೆಕ್ಕ ಹಾಕಿ. ಒಂದೂ ಹಕ್ಕಿ ಇಲ್ಲದಿದ್ದರೆ ಸೊನ್ನೆ ಎಂದು ಬರೆಯಿರಿ. ಸೊನ್ನೆ ಬರೆಯಲು ನಾಚಿಕೆ ಬೇಡ.

ಉದ್ದದ ರೂಲು ಹಾಕಿದ ಒಂದು ರಿಜಿಸ್ಟರ್ ತಂದಿದ್ದೇನೆ, ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಇವತ್ತು ಬೆಳಗ್ಗೆ ತ್ರಿಪುರಾಂತ ಕೆರೆಯ ಹತ್ತಿರ ನಿಂತು ಮೊದಲ ಸಾಲು ಬರೆದಿದ್ದೇನೆ. ಬೆಳ್ಳಕ್ಕಿ ಇದೆ, ನೀರುಕಾಗೆ ಇದೆ. ಬಿಸಿಲಿಗೆ ಎದುರಾಗಿ ಕುಳಿತಿದ್ದ ಕೆಲವು ಬಾತುಗಳು ಯಾವ ಜಾತಿ ಎಂದು ಗೊತ್ತಾಗಲಿಲ್ಲ, ಅವುಗಳ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ನಾಳೆ ಬೆಳಗ್ಗೆ ಆರೂವರೆಗೆ ಮತ್ತೆ ಹೋಗುತ್ತೇನೆ. ಬರುವವರು ಬನ್ನಿ.