‘ಬರೀ ಸೀಲ್ ಹೋಗಿದೆ ಅಷ್ಟೇ’ ಅಂದ್ರೆ ನಂಬೋ ಮುಂಚೆ: ಹಳೇ ಯೆಜ್ಡಿಯ ಮುಂದಿನ ಶಾಕ್

ಕಡಿಮೆ ದುಡ್ಡಿಗೆ ಒಂದು ಹಳೇ ಯೆಜ್ಡಿ ಸಿಕ್ರೆ ತಗೊಂಡುಬಿಡೋಣ ಅಂತ ಕಾಯ್ತಿರೋರಿಗೆ ಈ ಸಂಚಿಕೆ. ಇವತ್ತು ಎಂಜಿನ್ ಬಗ್ಗೆ ಮಾತಿಲ್ಲ, ಬಣ್ಣದ ಬಗ್ಗೆನೂ ಇಲ್ಲ. ಬರೀ ಮುಂದಿನ ಶಾಕ್ ಅಬ್ಸಾರ್ಬರ್ ಬಗ್ಗೆ ಮಾತಾಡೋಣ.

ಮೊದಲು ಗಾಡಿಯ ಹಿನ್ನೆಲೆ ಸ್ವಲ್ಪ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಗೊತ್ತಲ್ಲ. 1961ರಿಂದ ಅಲ್ಲಿ ಜಾವಾ ಗಾಡಿಗಳು ತಯಾರಾದವು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಅಂತ ಬದಲಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದ್ರೆ ಇವತ್ತು ನಿಮ್ಮ ಕೈಗೆ ಸಿಗೋ ಅತಿ ಹೊಸ ಹಳೇ ಯೆಜ್ಡಿಗೂ ಹತ್ತಿರ ಹತ್ತಿರ ಮೂವತ್ತು ವರ್ಷ ವಯಸ್ಸು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇಂಥ ಗಾಡಿ ಸಿಗೋದು ತೋಟದ ಮನೆಗಳಲ್ಲಿ. ಮೇಲೆ ಅಟ್ಟದಲ್ಲಿ ಕೊಬ್ಬರಿ ಆಗ್ಲಿ ಅಂತ ಹತ್ತು ಹನ್ನೊಂದು ತಿಂಗಳು ಕಾಯಿ ಕೂಡಿಟ್ಟಿರ್ತಾರೆ. ಕೆಳಗೆ ಸಿಪ್ಪೆ ರಾಶಿ ಪಕ್ಕ ಗೋಣಿಚೀಲ ಹೊದ್ದುಕೊಂಡು ಗಾಡಿ ನಿಂತಿರುತ್ತೆ. ಇದು ಶಾಕ್‌ಗೆ ಸಂಬಂಧಪಟ್ಟ ವಿಷಯಾನೇ, ಯಾಕೆ ಅಂತ ಆಮೇಲೆ ಹೇಳ್ತೀನಿ.

ನನ್ನ ಗೆಳೆಯನೊಬ್ಬ ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಹಿಂಗೇ ಒಂದು ರೋಡ್‌ಕಿಂಗ್ ತಂದ. ಬಲಗಡೆ ಶಾಕ್‌ನಿಂದ ಆಯಿಲ್ ಒಸರುತ್ತಿತ್ತು. ಮಾರಿದವರು ಹೇಳಿದ್ದು, “ಬರೀ ಸೀಲ್ ಹೋಗಿದೆ ಅಷ್ಟೇ, ನೂರಿನ್ನೂರರ ಕೆಲಸ.” ಇವನು ಆ ಗಾಡಿಯ ಹಿಂದಿನ ಸೀಟಲ್ಲಿ ಅವರಮ್ಮನ್ನ ಕೂರಿಸಿಕೊಂಡು ಆಸ್ಪತ್ರೆಗೆ, ಸಂತೆಗೆ ಓಡಾಡೋನು. ಹಾಗಾಗಿ ಈ ನೂರಿನ್ನೂರರ ಮಾತನ್ನ ಸರಿಯಾಗಿ ನೋಡಲೇಬೇಕಿತ್ತು.

ಶಾಕ್ ಒಳಗೆ ಏನಿರುತ್ತೆ? ಒಂದು ಉಕ್ಕಿನ ಪೈಪು, ಅದರ ಮೇಲೆ ಕೆಳಗೆ ಜಾರೋ ಬಾಟಮ್, ಒಳಗೆ ಸ್ಪ್ರಿಂಗು, ಆಯಿಲ್ಲು. ಗುಂಡಿ ಬಂದಾಗ ಪೆಟ್ಟು ತಿನ್ನೋದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ಒಂದೇ ಇದ್ರೆ ಗಾಡಿ ಕುಣೀತಾನೇ ಇರುತ್ತೆ. ಆ ಕುಣಿತ ನಿಲ್ಲಿಸೋದು ಆಯಿಲ್. ಸಣ್ಣ ತೂತುಗಳ ಮೂಲಕ ಆಯಿಲ್ ನುಗ್ಗಿ ಹೋಗುವಾಗ ಅಡ್ಡಿಯಾಗುತ್ತಲ್ಲ, ಆ ಅಡ್ಡಿಯೇ ಡ್ಯಾಂಪಿಂಗ್. ಇಂಥ ಶಾಕ್‌ಗಳನ್ನ 1935ರಲ್ಲೇ ಬಿಎಂಡಬ್ಲ್ಯು ತನ್ನ ಗಾಡಿಗಳಿಗೆ ಹಾಕಿ ಮಾರಾಟಕ್ಕೆ ಬಿಟ್ಟಿತ್ತು. ತತ್ವ ಇವತ್ತಿಗೂ ಅದೇ.

ಆಯಿಲ್ ಹೊರಗೆ ಬಂದ್ರೆ ಎರಡು ಅಪಾಯ. ಒಂದು, ಬ್ರೇಕ್ ಹಿಡಿದಾಗ ಮುಂಭಾಗ ಧುಮುಕಿ ಪೂರ್ತಿ ಕೂತುಬಿಡುತ್ತೆ. ಆಮೇಲೆ ಬಂದ ಉಬ್ಬಿಗೆ ಚಕ್ರ ನೆಲ ಬಿಟ್ಟು ಹಾರುತ್ತೆ, ಹಿಡಿತ ಹೋಗುತ್ತೆ. ಎರಡನೇದು ಇನ್ನೂ ಕೆಟ್ಟದ್ದು. ಸೋರಿದ ಆಯಿಲ್ ಬಾಟಮ್ ಉದ್ದಕ್ಕೂ ಇಳಿದು ಡ್ರಮ್ ಒಳಗೆ ಹೋದ್ರೆ ಬ್ರೇಕ್ ಶೂಗೆ ಕುಡಿಯುತ್ತೆ. ಆಯಿಲ್ ಕುಡಿದ ಶೂನ ಪೆಟ್ರೋಲಲ್ಲಿ ತೊಳೆದು ಹಾಕೋರು ಇದಾರೆ. ದಯವಿಟ್ಟು ಬೇಡ, ಹೊಸದು ಹಾಕಿಸಿ.

ಈಗ ಪರೀಕ್ಷೆ. ಗಾಡಿ ಕೊಳ್ಳೋ ಜಾಗದಲ್ಲೇ ಐದು ನಿಮಿಷದಲ್ಲಿ ಮಾಡಬಹುದು.

ಮೊದಲನೇದು: ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಜೋರಾಗಿ ಒತ್ತಿ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಆಯಿಲ್ ಇಲ್ಲ. ಒತ್ತಿದ ಕಡೆ ಸಿಕ್ಕಿಹಾಕಿಕೊಂಡರೆ ಪೈಪ್ ಬೆಂಡ್ ಆಗಿರಬಹುದು, ಇಲ್ಲಾ ಜೋಡಣೆ ಓರೆಯಾಗಿರಬಹುದು.

ಎರಡನೇದು: ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲದಿಂದ ಎತ್ತಿ. ಶಾಕ್‌ಗಳ ಕೆಳಭಾಗ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಸದ್ದು ಹ್ಯಾಂಡಲ್ ಬುಡದಿಂದ ಬಂದ್ರೆ ಅದು ಕೋನ್ ಸೆಟ್, ಶಾಕ್ ಅಲ್ಲ. ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನೇರ ಬಂದ ಜಾಗದಲ್ಲಿ ‘ಟಕ್’ ಅಂತ ಕೂತರೂ ಕೋನ್ ಸೆಟ್ಟೇ ಹೋಗಿರೋದು. ಬಾಟಮ್ ಮಾತ್ರ ಪೈಪ್ ಮೇಲೆ ಲೊಟಲೊಟ ಅಂದ್ರೆ ಬುಷ್ ಸವೆದಿದೆ. ಈ ಎರಡನ್ನ ಗೊಂದಲ ಮಾಡಿಕೊಂಡು ಶಾಕ್ ಪೂರ್ತಿ ಬಿಚ್ಚಿಸಿ ದುಡ್ಡು ಕಳ್ಕೊಳ್ಳೋರು ಬಹಳ ಜನ.

ಮೂರನೇದು: ಧೂಳಿನ ಕವರ್ ಮೇಲೆತ್ತಿ ಪೈಪ್ ಒರೆಸಿ ನೋಡಿ. ತೆಳುವಾದ ಹತ್ತಿ ಬಟ್ಟೆ ಪೈಪ್ ಮೇಲೆ ಎಳೀರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಇದೆ.

ಗೆಳೆಯನ ಗಾಡಿಯಲ್ಲಿ ಸಿಕ್ಕಿದ್ದು ಇದೇ. ಕವರ್ ಒಳಗೆ ತೆಂಗಿನ ನಾರು, ನಾರಿನ ಪುಡಿ ಸುತ್ತಿಕೊಂಡು ಗಟ್ಟಿಯಾಗಿತ್ತು. ಸಿಪ್ಪೆ ಪುಡಿ ನೀರು ಹಿಡಿದಿಟ್ಕೊಳ್ಳುತ್ತೆ ಅಂತಾನೇ ಗಿಡದ ಕುಂಡಕ್ಕೆ ಹಾಕ್ತೀವಲ್ವಾ? ಪೈಪಿಗೂ ಅದು ಅಷ್ಟೇ ನಿಷ್ಠೆಯಿಂದ ತೇವ ಹಿಡಿದಿಟ್ಟಿತ್ತು. ಕ್ರೋಮ್ ತಿಂದು ಗುಳಿ ಬಿದ್ದಿತ್ತು. ಇನ್ನೊಂದು ವಿಷಯ ಕೇಳಿ, ಒಳಗಿದ್ದ ಸೀಲ್ ಹೊಸದೇ! ರಬ್ಬರ್ ಮೆತ್ತಗೆ ಚೆನ್ನಾಗಿತ್ತು, ತುಟಿ ಮಾತ್ರ ಹರಿದಿತ್ತು. ಸೀಲ್ ಹೊಸದಾಗಿದ್ದೂ ಸೋರ್ತಿದೆ ಅಂದ್ರೆ ಕಾಯಿಲೆ ಇರೋದು ಪೈಪಲ್ಲಿ.

ತಿಪಟೂರಿನ ಗ್ಯಾರೇಜಲ್ಲಿ ಗೆಳೆಯ ಕೇಳಿದ, “ಅಣ್ಣ, ಇನ್ನೊಂದು ಸೀಲ್ ಹಾಕಿಬಿಟ್ರೆ ಆಗಲ್ವಾ?” ಮೆಕ್ಯಾನಿಕ್ ಅಣ್ಣ ತಲೆ ಎತ್ತಲಿಲ್ಲ. “ಹಾಕ್ಬೋದು ಕಣಪ್ಪ. ಮುಂದಿನ ತಿಂಗಳು ಇನ್ನೊಂದು ಸೀಲ್ ತಗೊಂಡು ಬರ್ತೀಯ.”

ಗುಳಿ ಇದ್ದ ತಕ್ಷಣ ಪೈಪ್ ಎಸೀಬೇಕು ಅಂತಿಲ್ಲ. ಸೀಲ್ ಓಡಾಡೋ ಜಾಗದಲ್ಲಿ ಇದೆಯಾ ಅನ್ನೋದು ಮುಖ್ಯ. ಮೇಲೆ ಕ್ಲಾಂಪ್ ಒಳಗೆ ಮುಚ್ಚಿಹೋಗೋ ಕಡೆ ಗುಳಿ ಇದ್ರೆ ಆಯಿಲ್ ಸೋರಲ್ಲ. ಇವನದ್ದು ಸೀಲ್ ಓಡಾಡೋ ದಾರಿಯಲ್ಲೇ ಇತ್ತು. ಹಾಗಾದಾಗ ಹೊಸ ಪೈಪ್, ಇಲ್ಲಾ ಹಾರ್ಡ್ ಕ್ರೋಮ್. ಹಾರ್ಡ್ ಕ್ರೋಮ್ ಅಂದ್ರೆ ಹಳೇದನ್ನ ಗ್ರೈಂಡ್ ಮಾಡಿ, ಮತ್ತೆ ಕ್ರೋಮ್ ಕಟ್ಟಿ, ಮೊದಲಿನ ಅಳತೆಗೇ ಗ್ರೈಂಡ್ ಮಾಡಿ ತರೋದು. ಬೆಂಗಳೂರಿನ ಪೀಣ್ಯದಲ್ಲಿ ಈ ಕೆಲಸ ಆಗುತ್ತೆ. ಕಳಿಸೋ ಮುಂಚೆ ಪೈಪನ್ನ ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿದ್ವಿ. ನೇರ ಇದ್ರೆ ಸಮನಾಗಿ ಉರುಳುತ್ತೆ, ಬೆಂಡ್ ಇದ್ರೆ ಸಂದಿಯಲ್ಲಿ ಬೆಳಕು ಕಾಣುತ್ತೆ. ಬೆಂಡ್ ಆದ ಪೈಪಿಗೆ ಕ್ರೋಮ್ ಮಾಡಿಸೋದು ದಂಡ. ಇವನದ್ದು ನೇರವಾಗಿತ್ತು, ಹಾರ್ಡ್ ಕ್ರೋಮ್ ಮಾಡಿಸಿದ. ಮಾರಿದವರು ಹೇಳಿದ್ದಕ್ಕಿಂತ ಹತ್ತಾರು ಪಟ್ಟು ಖರ್ಚಾಯ್ತು.

ಮತ್ತೆ ಜೋಡಿಸುವಾಗ ನಾಲ್ಕು ಮಾತು. ಮೇಲಿನ ನಟ್ ಕೆಳಗೆ ಸ್ಪ್ರಿಂಗ್ ಒತ್ತಡ ಇರುತ್ತೆ, ಬಿಚ್ಚುವಾಗ ಹಾಕುವಾಗ ಮುಖ ಅದರ ಮೇಲೆ ಇಡಬೇಡಿ. ಎರಡೂ ಸ್ಪ್ರಿಂಗ್ ಪಕ್ಕಪಕ್ಕ ನಿಲ್ಲಿಸಿ ಅಳೀರಿ, ಒಂದು ಕುಗ್ಗಿದ್ರೆ ಎರಡನ್ನೂ ಬದಲಾಯಿಸಿ. ಆಯಿಲ್ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ, ಅಳತೆ ಲೋಟದಲ್ಲಿ ಅಳೆದು, ಎರಡೂ ಕಡೆ ಸಮ ಹಾಕಿ. “ಗಟ್ಟಿ ಆಗ್ಲಿ” ಅಂತ ಜಾಸ್ತಿ ಸುರಿದ್ರೆ ಒಳಗಿನ ಗಾಳಿಗೆ ಜಾಗ ಇಲ್ಲದೆ ಹೊಸ ಸೀಲನ್ನೇ ಹೊರಗೆ ತಳ್ಳುತ್ತೆ. ಕೊನೇದಾಗಿ, ಆಕ್ಸಲ್ ನಟ್ ಬಿಗಿದ ಮೇಲೆ ಕೆಳಗಿನ ಕ್ಲಾಂಪ್ ಬೋಲ್ಟ್ ಸಡಿಲ ಇಟ್ಟು, ನಾಲ್ಕೈದು ಸಲ ಮುಂಭಾಗ ಒತ್ತಿ ಬಿಡಿ. ಎರಡು ಕಾಲೂ ತಮ್ಮ ಜಾಗಕ್ಕೆ ಕೂರುತ್ವೆ. ಆಮೇಲೆ ಬೋಲ್ಟ್ ಬಿಗೀರಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಹಿಂದೆ ಕೊಬ್ಬರಿ ಚೀಲ ಕಟ್ಟಿಕೊಂಡು ಹರಾಜಿಗೆ ಹೋಗ್ತೀವಿ. ಹಿಂದೆ ಭಾರ ಬಿದ್ದಷ್ಟೂ ಮುಂಭಾಗ ಹಗುರ, ಹ್ಯಾಂಡಲ್ ಅಲುಗುತ್ತೆ. ಕೆಟ್ಟ ಶಾಕ್, ಸಡಿಲ ಕೋನ್ ಸೆಟ್ ಇದ್ದಾಗ ಆ ಅಲುಗಾಟ ಕೈಗೆ ಹಿಡಿತ ಸಿಗದಷ್ಟು ಹೋಗಬಹುದು.

ಕಾಗದದ ವಿಷಯಾನೂ ಹೇಳಿಬಿಡ್ತೀನಿ. 15 ವರ್ಷ ದಾಟಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು. ‘ವಿಂಟೇಜ್’ ಅಂತ ಎಲ್ಲರೂ ಅಂತೀವಿ, ಆದರೆ 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ಗಾಡಿ ಮಾತ್ರ ವಿಂಟೇಜ್. ಆ ನೋಂದಣಿ ಮಾಡಿಸಿದ್ರೆ ದಿನನಿತ್ಯ ಓಡಿಸೋ ಹಾಗಿಲ್ಲ. ಅಮ್ಮನ್ನ ಕೂರಿಸಿಕೊಂಡು ಓಡಾಡೋ ರೋಡ್‌ಕಿಂಗ್‌ಗೆ ಮಾಮೂಲಿ ಆರ್‌ಸಿನೇ ಗತಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ಹೊಂದುತ್ತಾ ಅಂತ ನೋಡದೆ ಮುಂಗಡ ಕೊಡಬೇಡಿ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಲೆಕ್ಕದಲ್ಲಿ ಮುಗಿಸ್ತೀನಿ. ಹಳೇ ಗಾಡಿಯ ಬೆಲೆ ಅಂದ್ರೆ ಮಾರೋರು ಹೇಳಿದ ಬೆಲೆ ಅಲ್ಲ, ಅದಕ್ಕೆ ಮುಂದಿನ ಶಾಕು, ಬ್ರೇಕು, ಟೈರಿನ ಖರ್ಚು ಕೂಡಿಸಿದ ಮೇಲೆ ಬರೋದು. ಈ ಮೂರು ಮೊದಲು ಮಾಡಿಸಿ. ಟ್ಯಾಂಕಿನ ಬಣ್ಣ ಮುಂದಿನ ವರ್ಷದ ಕೊಬ್ಬರಿ ದುಡ್ಡಿಗೆ ಕಾಯಲಿ, ಏನೂ ತೊಂದರೆ ಇಲ್ಲ. ಗೆಳೆಯನ ಗಾಡಿ ಇನ್ನೂ ಬಣ್ಣ ಕಂಡಿಲ್ಲ. ಆದರೆ ಬ್ರೇಕ್ ಹಿಡಿದ್ರೆ ನೇರ ನಿಲ್ಲುತ್ತೆ.