ಮಾಳದ ಹೊಲಾ ಬೀಳ ಬಿಡಬ್ಯಾಡ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಮುರಗೂಡ ಅಂದರೆ ಹೊರಗಿನವರ ಕಣ್ಣಿಗೆ ವೇದಗಂಗಾ ನದಿ, ಕಬ್ಬು, ಸಕ್ಕರೆ ಕಾರ್ಖಾನೆ ಕಾಣ್ತಾವ. ಇಂಥಲ್ಲಿ ಒಣಬೇಸಾಯದ ಮಾತು ಯಾಕ ಅಂತ ಅವರು ಕೇಳಬಹುದು. ಹೊಳಿ ದಂಡಿಯ ಕರಿ ಭೂಮಿ ನಮ್ಮವರ ಕೈಯಾಗ ಎಷ್ಟು ಅದ, ನೀವೇ ಹೇಳ್ರಿ. ನಮಗ ಬಂದದ್ದು ಹೆಚ್ಚಾಗಿ ಮಾಳದ ಹೊಲ. ಕಲ್ಲು, ಇಳಿಜಾರು, ಮ್ಯಾಲ ಗೇಣು ಮಣ್ಣು. ಗಡಹಿಂಗ್ಲಜದ ಪೂರ್ವಕ್ಕೆ ಹೋದರೆ ಮಳೆಯೂ ಕಡಿಮೆ.

ಈ ನೆಲವೂ ಸುಮ್ಮನೆ ಬಂದದ್ದಲ್ಲ. ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿ ಮಹಾರ ವತನ ರದ್ದು ಮಾಡಿ ನಮ್ಮ ಹಿರಿಯರನ್ನು ಬಿಟ್ಟಿ ಚಾಕರಿಯಿಂದ ಬಿಡಿಸಿದರು. ಮುಂಬೈ ಪ್ರಾಂತ್ಯದಲ್ಲಿ ವತನದ ಕಾಯ್ದೆ ಬದಲಿಸಲಿಕ್ಕೆ ಬಾಬಾಸಾಹೇಬರು 1928ರಲ್ಲಿ ಮಸೂದೆ ತಂದರು. ಅಂಥ ನೆಲ ಈಗ ಅಣ್ಣತಮ್ಮಂದಿರೊಳಗೆ ಹಂಚಿ 15 ಗುಂಟೆ, 20 ಗುಂಟೆ ಆಗೇದ. ಹುಡುಗರು ಕಾಗಲ್ಲಿನ ಎಂಐಡಿಸಿಗೆ, ಇಚಲಕರಂಜಿಯ ಮಗ್ಗಕ್ಕೆ ಹೋದರು. ಹೊಲ ಒಂದೋ ಬೀಳು ಬಿತ್ತು, ಇಲ್ಲಾ ಬಾಯಿಮಾತಿನ ಲಾವಣಿಗೆ ಹೋಯಿತು. ಹತ್ತು ವರ್ಷ ಲಾವಣಿ ಮಾಡಿದವನು ಬದು ಒತ್ತಿಕೊಂಡು ಬರ್ತಾನ, ಆಮೇಲೆ "ಮಾರ್ತೀಯೇನು?" ಅಂತಾನ. ನಾ ಇವತ್ತ ಮಾತಾಡೂದು ಆ ಪ್ರಶ್ನೆ ಬರದಂಗ ನೋಡಿಕೊಳ್ಳೂದರ ಬಗ್ಗೆ.

ಬಾಬಾಸಾಹೇಬರು ಅದೇ 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಹೊಲ ಸಣ್ಣದೋ ದೊಡ್ಡದೋ ಅನ್ನೋದನ್ನ ಬರೀ ಎಕರೆ ಲೆಕ್ಕದಿಂದ ಹೇಳಲಿಕ್ಕೆ ಬರೂದಿಲ್ಲ, ಅದರ ಮ್ಯಾಲ ಹಾಕುವ ಬಂಡವಾಳ, ದುಡಿಮೆ, ಸಲಕರಣೆ ನೋಡಬೇಕು ಅಂದರು. ಹೊಲ ಒಂದನ್ನೇ ನಂಬಿ ಕೂಡ್ರಿ ಅಂತ ಹೇಳಲಿಲ್ಲ, ಉದ್ಯಮ ಬೆಳೀಬೇಕು ಅಂದರು. ಹಂಗಾಗಿ ನೌಕರಿ ಬಿಡ್ರಿ ಅಂತ ನಾನೂ ಹೇಳೂದಿಲ್ಲ. ರವಿವಾರದ ಕೈ, ಮನೆಯವರ ಕೈ, ಕಡಿಮಿ ರೊಕ್ಕ, ಇಷ್ಟರಲ್ಲೇ ಆಗುವ ಕೆಲಸ ಹೇಳ್ತೀನಿ.

ಮೊದಲನೇದು ಮಳೆ ನೀರು. ಒಂದು ಗುಂಟೆ ಮ್ಯಾಲ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. 20 ಗುಂಟೆಯ ಮ್ಯಾಲ 25 ಮಿಲಿಮೀಟರಿನ ಒಂದೇ ಮಳೆ ಅಂದರೆ ಸುಮಾರು 50 ಸಾವಿರ ಲೀಟರ್. ಹತ್ತು ಸಾವಿರ ಲೀಟರಿನ ಐದು ಟ್ಯಾಂಕರ್, ಪುಕ್ಕಟ! ಇಳಿಜಾರಿನ ಗುಂಟ ರಂಟಿ ಹೊಡೆದರೆ ಆ ನೀರು ಮಣ್ಣನ್ನೂ ಕರಕೊಂಡು ಕೆಳಗಿನವರ ಹೊಲಕ್ಕೆ ಹೋಗ್ತದ. ಟ್ರ್ಯಾಕ್ಟರಿನವರಿಗೆ ಉದ್ದಕ್ಕೆ ಹೊಡೆಯೋದು ಸುಲಭ, ಹೊರಳಿಸೋದು ಕಡಿಮೆ. ಬಾಡಿಗೆ ಕೊಡೋರು ನಾವು, ಅಡ್ಡ ಹೊಡಿ ಅಂತ ನಾವೇ ಹೇಳಬೇಕು.

ಅಡ್ಡ ಅಂದರೆ ಕಣ್ಣಂದಾಜು ಸಾಲೂದಿಲ್ಲ. ಏಳು ಫೂಟಿನ ಎರಡು ಸಮ ಬಡಿಗಿ ತಗೊಂಡು ತಲೆ ಕಟ್ಟಿ ಕಾಲು ಅಗಲ ಮಾಡ್ರಿ, ನಡುವೆ ಅಡ್ಡ ಬಡಿಗಿ ಬಿಗೀರಿ. ತಲೆಯಿಂದ ದಾರಕ್ಕೊಂದು ಕಲ್ಲು ಇಳಿಬಿಡ್ರಿ. ಒಂದು ಕಡೆ ನಿಲ್ಲಿಸಿ ದಾರ ಅಡ್ಡ ಬಡಿಗಿಗೆ ತಾಗಿದಲ್ಲಿ ಗುರುತು ಹಾಕಿ. ಅದೇ ಜಾಗದಾಗ ಎಡಗಾಲು ಬಲಗಾಲು ಅದಲುಬದಲು ಮಾಡಿ ಇನ್ನೊಂದು ಗುರುತು. ಎರಡರ ನಟ್ಟನಡುವಿನ ಗುರುತೇ ಸಮಮಟ್ಟ. ದಾರ ಅಲ್ಲಿ ನಿಂತಂಗ ಹೆಜ್ಜೆ ಹೆಜ್ಜೆಗೆ ಗೂಟ ಹೊಡಕೋತ ಹೋದರೆ ಸಮಮಟ್ಟದ ಗೆರೆ ಸಿಗ್ತದ. ಬಿತ್ತುವ ಸಾಲು, ಒಡ್ಡು, ಎಲ್ಲಾ ಆ ಗೆರೆಗೆ. ಹೊಲದಾಗಿನ ಕಲ್ಲನ್ನೇ ಆರಿಸಿ ಒಡ್ಡಿಗೆ ಇಟ್ಟರೆ ಎರಡು ಕೆಲಸ ಆದಂಗ. ಇಡೀ ಸಂಘಕ್ಕ ಇಂಥಾದ್ದು ಒಂದಿದ್ದರೆ ಸಾಕು.

ಸೋಯಾ ಬಿತ್ತುವಾಗ ಪ್ರತಿ ನಾಲ್ಕು ಸಾಲಿಗೊಂದು ಸಾಲು ಖಾಲಿ ಬಿಟ್ಟು, ಎಡಿ ಹೊಡೆಯುವ ಹೊತ್ತಿಗೆ ಅಲ್ಲಿ ಹರಿ ತೆಗೀರಿ. ಮಳಿ ಹೆಚ್ಚಾದರೆ ನೀರು ಹೊರಗ ಹೋಗ್ತದ, ಕಡಿಮಿ ಆದರೆ ಅಲ್ಲೇ ಇಂಗ್ತದ. ಬರೀ ಸೋಯಾನೂ ಬ್ಯಾಡ. ಮೂರು ಸಾಲು ಸೋಯಾ, ಒಂದು ಸಾಲು ತೊಗರಿ ಹಾಕ್ರಿ. ಮಳಿ ನಡುವ ಕೈಕೊಟ್ಟರೆ ಸೋಯಾ ಒಣಗಬಹುದು, ತೊಗರಿ ಬೇರು ಆಳಕ್ಕಿಳೀತದ. ಕಬ್ಬಿನ ಸೀಮೆಯಾಗ ಇದ್ದ ಮ್ಯಾಲ ರವದಿ ಸಿಗ್ತದ, ಅದಕ್ಕ ಬೆಂಕಿ ಹಚ್ಚೂದು ನೋಡಿದರ ನನಗ ಹೊಟ್ಟಿ ಉರೀತದ. ಕೇಳಿ ತಂದು ಕಾಯಿಪಲ್ಯದ ಸಾಲಿಗೆ, ಗಿಡದ ಬುಡಕ್ಕೆ ಹಾಸ್ರಿ. ಹಸಿ ಆರೂದಿಲ್ಲ. ಕೃಷಿಹೊಂಡ ಮಾತ್ರ 15 ಗುಂಟೆಯವರು ತೋಡಬ್ಯಾಡ್ರಿ, ಇದ್ದ ಹೊಲಾನೇ ಹೊಂಡಕ್ಕ ಹೋಗ್ತದ.

ಕೀಡೆಗೆ ಬೇವಿನ ಬೀಜ. ಬ್ಯಾಸಗಿ ಕೊನೆಗೆ ಉದುರಿದ್ದು ಆರಿಸಿ, ನೆರಳಾಗ ಒಣಗಿಸಿ ಇಟ್ಟುಕೊಳ್ಳೋದು. 15 ಲೀಟರಿನ ಪಂಪಿಗೆ 750 ಗ್ರಾಂ ಬೀಜದ ತಿರುಳಿನ ಪುಡಿ ರಾತ್ರಿ ನೆನೆಸಿ, ಬೆಳಿಗ್ಗೆ ಅರಿವೆಯಿಂದ ಸೋಸಿ, ಒಂಚೂರು ಸಾಬೂನು ಕೂಡಿಸಿ ಸಂಜೀಮುಂದ ಹೊಡೀರಿ. ಸಣ್ಣ ಹುಳಕ್ಕೆ ನಡೀತದ. ಬೆರಳು ಗಾತ್ರ ಬೆಳೆದ ಹುಳಕ್ಕೆ ನಡೆಯೂದಿಲ್ಲ, ಅದಕ್ಕೇ ಹೊಲಕ್ಕ ಹೋಗಿ ಎಲಿ ತಿರುವಿ ನೋಡ್ತಿರಬೇಕು.

ನೀರಿನ ಹಕ್ಕಿನ ಮಾತು ಒಂದು. 1972ರ ಬರದ ನಂತರ ಪುರಂದರ ತಾಲೂಕಿನ ನಾಯಗಾಂವದಲ್ಲಿ ವಿಲಾಸರಾವ ಸಾಳುಂಖೆಯವರು ಪಾಣಿ ಪಂಚಾಯತ ಕಟ್ಟಿದರು. ನೀರು ಹೊಲದ ಲೆಕ್ಕಕ್ಕಲ್ಲ, ಮನೆಯ ಮಂದಿ ಲೆಕ್ಕಕ್ಕೆ. ಭೂಮಿ ಇಲ್ಲದವರಿಗೂ ಪಾಲು. ಕಬ್ಬಿಗೆ ಆ ನೀರು ಇಲ್ಲ. ನಮ್ಮ ಮಗ್ಗುಲಿನ ಚಿಕೋತ್ರಾ ಕೊಳ್ಳದಲ್ಲೂ ಸಮಾನ ನೀರಿಗಾಗಿ ಚಳವಳಿ ಆಗೇದ. ನೀರಿನ ಸಭೆ ಎಲ್ಲಿ ಕರೆದರೂ ನಮ್ಮ ಸಂಘದಿಂದ ಇಬ್ಬರಾದರೂ ಹೋಗಿ ಕೂಡ್ರಬೇಕು.

ಡಾ. ಬಾಬಾಸಾಹೇಬ ಅಂಬೇಡ್ಕರ ಕೃಷಿ ಸ್ವಾವಲಂಬನ ಯೋಜನೆಯಲ್ಲಿ ಪರಿಶಿಷ್ಟ ಜಾತಿ ಹಾಗೂ ನವಬೌದ್ಧ ರೈತರಿಗೆ ಬಾವಿಗೆ, ಹಳೇ ಬಾವಿ ದುರಸ್ತಿಗೆ, ಪಂಪಿಗೆ ಅನುದಾನ ಅದ. ಜಾತಿ ದಾಖಲೆ, ಸಾತಬಾರಾ, ಆಠ-ಅ ಉತಾರ ಕೈಯಾಗ ಇರಲಿ. ಉತಾರ ತಗೊಂಡಾಗ ಬೆಳೆ ಬರೆಯುವ ಕಾಲಮ್ಮಿನಲ್ಲಿ ಏನು ಬರೆದಾರ ಓದ್ರಿ. ಹುಡುಗರು ಅಜ್ಜ-ಅಜ್ಜಿಗೆ ಓದಿ ಹೇಳ್ರಿ.

ಕೊನೆಗೆ ಬೀಜ. ಸೋಯಾ ಬೀಜ ವರ್ಷಾ ಕೊಳ್ಳಬೇಕಾಗಿಲ್ಲ, ಒಳ್ಳೆಯ ತಳಿ ತಂದರೆ ಎರಡು-ಮೂರು ವರ್ಷ ಮನೆಯ ಬೀಜವೇ ಬಿತ್ತಬಹುದು. ಅದರ ಸಿಪ್ಪೆ ತೆಳುವು, ಚೀಲ ಎತ್ತಿ ಒಗೀಬ್ಯಾಡ್ರಿ, ಒಂದರ ಮ್ಯಾಲೊಂದು ಭಾಳ ಒಟ್ಟಬ್ಯಾಡ್ರಿ. ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದಿ ಗೋಣಿಪಾಟದಾಗ ಸುತ್ತಿಡ್ರಿ. 70 ಮೊಳಕೆ ಬಂದರೆ ಎಕರೆಗೆ 30 ಕಿಲೋ ಸಾಕು. 60 ಬಂದರೆ 35 ಕಿಲೋ. ಅದಕ್ಕಿಂತ ಕಡಿಮಿ ಇದ್ದರ ಆ ಬೀಜ ಬಿತ್ತಬ್ಯಾಡ್ರಿ. ಆರು ದಿನದ ಹಿಂದ ಸುತ್ತಿಟ್ಟ ಮೂರು ಮನೆಯ ಬೀಜ ಇಲ್ಲಿ ತಂದೀನಿ. ಮುಂದ ಕೂತ ಹುಡುಗಿಯರು ಬರ್ರಿ, ಗೋಣಿ ಬಿಚ್ಚಿ ಎಲ್ಲಾರಿಗೂ ಕೇಳೂವಂಗ ಎಣಸ್ರಿ.