ಸಾಮಾನ್ಯ ಗ್ರಂಥವೋ, ವಿಶೇಷ ಗ್ರಂಥವೋ?



ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ಸಿಕ್ಕ ಮನೆಯಲ್ಲಿ ಸಂತೋಷದ ಬೆನ್ನಿಗೇ ಪುಸ್ತಕದ ಚಿಂತೆ ಶುರುವಾಗುತ್ತದೆ. ಬೆಲೆಯೋ ಸಾವಿರಗಳಲ್ಲಿ. ಎಲ್ಲ ರೋಗಗಳನ್ನೂ ಒಳಗೊಂಡ ಸಾಮಾನ್ಯ ಗ್ರಂಥ ಕೊಳ್ಳಬೇಕೇ, ಹೃದಯ, ಶ್ವಾಸಕೋಶ ಎಂದು ಒಂದೊಂದೇ ವಿಷಯದ ವಿಶೇಷ ಗ್ರಂಥಗಳನ್ನು ಕೊಳ್ಳಬೇಕೇ?

ಈ ಎರಡು ದಾರಿಗಳು ಹಳೆಯವು. ಸುಮಾರು 1,100 ವರ್ಷಗಳ ಹಿಂದೆ ಇರಾನಿನ ಹಕೀಮ್ ಅಲ್-ರಾಝಿ ಎರಡೂ ಬಗೆಯ ಬರಹ ಬಿಟ್ಟುಹೋದರು. ಅವರ ಟಿಪ್ಪಣಿಗಳಿಂದ ಮರಣಾನಂತರ ಸಿದ್ಧವಾದ 'ಅಲ್-ಹಾವಿ' ಇಡೀ ವೈದ್ಯಶಾಸ್ತ್ರದ ಬೃಹತ್ ಸಂಗ್ರಹ. ಸಿಡುಬು ಮತ್ತು ದಡಾರದ ವ್ಯತ್ಯಾಸ ತಿಳಿಸಲು ಅವರು ಬರೆದದ್ದು ಪ್ರತ್ಯೇಕ ಕಿರುಗ್ರಂಥ. ಒಂದು ಇನ್ನೊಂದರ ಕೆಲಸ ಮಾಡಲಾರದು.

ರೋಗಿ ಅಧ್ಯಾಯದ ಹೆಸರು ಹೇಳಿಕೊಂಡು ಬರುವುದಿಲ್ಲ. "ಉಸಿರು ಕಟ್ಟುತ್ತದೆ ಡಾಕ್ಟರೇ" ಎನ್ನುತ್ತಾನೆ. ಅದು ಆಸ್ತಮಾ ಇರಬಹುದು, ಹೃದಯದ ತೊಂದರೆ ಇರಬಹುದು, ರಕ್ತಹೀನತೆಯೂ ಇರಬಹುದು. ಶ್ವಾಸಕೋಶದ ಗ್ರಂಥವನ್ನಷ್ಟೇ ಓದಿದವನಿಗೆ ಉಳಿದೆರಡು ಹೊಳೆಯದೇ ಹೋದರೆ ನಷ್ಟ ರೋಗಿಗೆ. ಆದ್ದರಿಂದ ಮೊದಲು ಸಾಮಾನ್ಯ ಗ್ರಂಥ. 1950ರಲ್ಲಿ ಮೊದಲು ಬಂದ ಹ್ಯಾರಿಸನ್, 1952ರ ಡೇವಿಡ್‌ಸನ್ ಇಂಥವು.

ರೋಗದ ಜಾಡು ಸಿಕ್ಕ ಮೇಲೆ ವಿಶೇಷ ಗ್ರಂಥ ಬೇಕು. ಮಕ್ಕಳ ವೈದ್ಯಕ್ಕೆ ನೆಲ್ಸನ್ ಅವರ ಗ್ರಂಥವಿದೆ. ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ. ಹಿಂದೆ ಜ್ವರ ಬಂದ ಮಕ್ಕಳಿಗೂ ಆಸ್ಪಿರಿನ್ ಕೊಡುತ್ತಿದ್ದರು. ಫ್ಲೂ, ಚಿಕನ್‌ಪಾಕ್ಸ್ ಬಂದ ಮಕ್ಕಳಲ್ಲಿ ಆ ಮಾತ್ರೆಗೂ ಮಿದುಳು, ಯಕೃತ್ತುಗಳನ್ನು ಕೆಡಿಸುವ ರೈ ಸಿಂಡ್ರೋಮ್‌ಗೂ ಸಂಬಂಧ ಕಂಡುಬಂದು, 1980ರ ದಶಕದಲ್ಲಿ ಎಚ್ಚರಿಕೆ ನೀಡಲಾಯಿತು. ಅದಕ್ಕಿಂತ ಹಿಂದಿನ ಪುಸ್ತಕ ಎಷ್ಟು ದೊಡ್ಡದಾದರೇನು, ಎಷ್ಟು ಅಗ್ಗವಾದರೇನು?

ಆದ್ದರಿಂದ ಕೊಳ್ಳುವ ಮುನ್ನ ಮೂರು ಮಾತು ನೆನಪಿಡಿ. ಮೊದಲ ವರ್ಷ ಬೇಕಾಗುವುದು ಅಂಗರಚನೆ, ಶರೀರಕ್ರಿಯೆ, ಜೀವರಸಾಯನ. ಆಗಲೇ ಹ್ಯಾರಿಸನ್‌ಗೆ ಹಣ ಹಾಕಬೇಡಿ. ಮುಂದೆ ಒಂದು ಸಾಮಾನ್ಯ ಗ್ರಂಥ ಸ್ವಂತಕ್ಕಿರಲಿ, ವಿಶೇಷ ಗ್ರಂಥಗಳನ್ನು ಗ್ರಂಥಾಲಯದಲ್ಲಿ ಓದಿ. ಅಂಗರಚನೆಗೆ ಹಿರಿಯ ವಿದ್ಯಾರ್ಥಿಗಳ ಹಳೆಯ ಪ್ರತಿ ನಡೆದೀತು; ಔಷಧಿಯ ವಿಷಯಕ್ಕೆ ಮಾತ್ರ ಹೊಸ ಆವೃತ್ತಿಯೇ ಬೇಕು.

ಪುಸ್ತಕದ ದಪ್ಪ ನೋಡುವ ಮೊದಲು ಅದು ಅಚ್ಚಾದ ವರ್ಷ ನೋಡಿ. ನಾಳೆ ನಿಮ್ಮ ಮುಂದೆ ಕೂರುವ ರೋಗಿಗೆ ಅದರಿಂದ ಉಪಕಾರವಾಗುತ್ತದೆ.